ಬಾಲ ಮುಚ್ಚಿಕೊಂಡು ಬಂದ ಫೈಲುಗಳು

2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಕಲಿಯಲು ಹೋದವರಿಗೆಲ್ಲ ಮೇಷ್ಟ್ರು ತಪ್ಪದೆ ಹೇಳುತ್ತಿದ್ದ ಬುದ್ಧಿಮಾತೊಂದಿತ್ತು: ಗುರುತಿಲ್ಲದವರು ಕಳಿಸಿದ ಅಟ್ಯಾಚ್‌ಮೆಂಟ್ ತೆರೆಯಬೇಡಿ. ನಾನೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಮನೆಗೆ ಬಂದು ಎಲ್ಲರಿಗೂ ಹೇಳಿದ್ದೆ. ಕೇಳಲು ಚೆನ್ನಾಗಿಯೇ ಇರುವ ಈ ಮಾತು ಆ ಹೊತ್ತಿಗಾಗಲೇ ಹಳಸಿತ್ತು. ಆ ಕಾಲದ ದೊಡ್ಡ ವೈರಸ್‌ಗಳು ಬಂದದ್ದೇ ಗುರುತಿದ್ದವರಿಂದ. ಸಹೋದ್ಯೋಗಿಯಿಂದ, ಕಾಲೇಜಿನ ಗೆಳತಿಯಿಂದ, ಅಮೆರಿಕದಲ್ಲಿರುವ ಮಗನಿಂದ. ಮೊಮ್ಮಗುವಿನ ಫೋಟೊ ಬರುವ ವಿಳಾಸದಿಂದಲೇ ವೈರಸ್ಸೂ ಬಂದರೆ, ಮನೆಯಲ್ಲಿ ಕೂತ ಅಜ್ಜ ಯಾವುದನ್ನು ತೆರೆಯಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆಗೆ ಕಂಪ್ಯೂಟರ್ ಲೋಕ ನಾಲ್ಕು ದಶಕಗಳಿಂದ ಉತ್ತರ ಕೊಡುತ್ತಲೇ ಇದೆ. ಆ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಬಳಸುವವರಿಗೆ ಉಪದೇಶ ಮಾಡಿದಾಗ ಹೆಚ್ಚೇನೂ ಆಗಲಿಲ್ಲ, ಸಾಫ್ಟ್‌ವೇರ್ ಕಟ್ಟಿದವರು ತಾವು ತೆರೆದಿಟ್ಟ ಬಾಗಿಲನ್ನು ತಾವೇ ಮುಚ್ಚಿದಾಗ ಆಯಿತು.

ಮೊದಮೊದಲು ವೈರಸ್ ಸಾಗುತ್ತಿದ್ದುದು ಫ್ಲಾಪಿಯಲ್ಲಿ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಊರಿಂದೂರಿಗೆ ಹೋದದ್ದು ಜನರ ಜೇಬಿನಲ್ಲಿ, ಅವರ ನಡಿಗೆಯ ವೇಗದಲ್ಲಿ. ಮರುವರ್ಷದ ಡಿಸೆಂಬರ್‌ನಲ್ಲಿ ಆ ವೇಗ ಬದಲಾಯಿತು. ಪಶ್ಚಿಮ ಜರ್ಮನಿಯ ಕ್ಲೌಸ್ಟಾಲ್ ವಿಶ್ವವಿದ್ಯಾಲಯದಿಂದ ಹೊರಟ ಪುಟ್ಟ ಪ್ರೋಗ್ರಾಂ ಒಂದು ಪರದೆಯ ಮೇಲೆ ಅಕ್ಷರಗಳಿಂದ ಕ್ರಿಸ್‌ಮಸ್ ಮರ ಬಿಡಿಸಿ ಶುಭಾಶಯ ಹೇಳುತ್ತಿತ್ತು. ಹೇಳುತ್ತಲೇ ಹಿಂದಿನಿಂದ ನಿಮ್ಮ ವಿಳಾಸದ ಪಟ್ಟಿ ತೆಗೆದು ಅದರಲ್ಲಿದ್ದ ಪ್ರತಿಯೊಬ್ಬರಿಗೂ ತನ್ನ ಪ್ರತಿಯನ್ನು ರವಾನಿಸುತ್ತಿತ್ತು. ವಿಶ್ವವಿದ್ಯಾಲಯಗಳ ಜಾಲವನ್ನು ದಾಟಿ ಐಬಿಎಂ ಕಂಪನಿಯ ಒಳಜಾಲಕ್ಕೆ ನುಗ್ಗಿ ಅದನ್ನು ಏದುಸಿರು ಬಿಡಿಸಿತು. ಫೈಲಿನೊಳಗೇ ಒಂದು ತಮಾಷೆಯ ಟಿಪ್ಪಣಿ ಇತ್ತು. ಇದನ್ನು ಓದುತ್ತ ಕೂರುವುದರಲ್ಲಿ ಮಜವಿಲ್ಲ, ಸುಮ್ಮನೆ ಓಡಿಸಿ ನೋಡಿ ಎಂಬರ್ಥದ್ದು. ಮುಂದೆ ಬಂದ ಎಲ್ಲ ಅಟ್ಯಾಚ್‌ಮೆಂಟ್ ವೈರಸ್‌ಗಳ ಜಾತಕ ಈ ಮರದಲ್ಲೇ ಇದೆ: ನಿಮ್ಮ ಪರಿಚಯಸ್ಥರ ಪಟ್ಟಿ ಅದರ ದಾರಿ, ನಿಮ್ಮ ಬೆರಳು ಅದರ ಎಂಜಿನ್.

ಇ-ಮೇಲ್ ಮನೆಗಳಿಗೆ ಬರುವ ಮುಂಚೆಯೇ ಅದರ ಭಯ ಬಂತು. 1994ರ ಕೊನೆಯಲ್ಲಿ ‘ಗುಡ್ ಟೈಮ್ಸ್’ ಎಂಬ ತಲೆಬರಹದ ಮೇಲ್ ಓದಿದರೆ ಸಾಕು, ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಹರಿದಾಡಿತು. ಅಂಥ ವೈರಸ್ ಇರಲೇ ಇಲ್ಲ. ಬರೀ ಓದಿದರೆ ಏನೂ ಆಗದು, ಹೆದರಬೇಡಿ ಎಂದು ತಿಳಿದವರು ಸಮಾಧಾನ ಹೇಳಿದರು. ಐದೇ ವರ್ಷದಲ್ಲಿ, 1999ರ ನವೆಂಬರ್‌ನಲ್ಲಿ, ತೆರೆದ ಮಾತ್ರಕ್ಕೆ ಅಂಟುವ ‘ಬಬಲ್‌ಬಾಯ್’ ಬಂದು ಆ ಸಮಾಧಾನವನ್ನೂ ಕಿತ್ತುಕೊಂಡಿತು.

ಈ ನಡುವೆ 1995ರಲ್ಲಿ ಬಂದ ‘ಕಾನ್ಸೆಪ್ಟ್’ ಅಷ್ಟು ಸದ್ದು ಮಾಡಲಿಲ್ಲವಾದರೂ ಮಹತ್ವದ್ದು. ಪ್ರೋಗ್ರಾಂ ಬೇರೆ, ಕಾಗದಪತ್ರ ಬೇರೆ ಎಂದು ಜನ ನಂಬಿದ್ದರು. ವರ್ಡ್ ದಾಖಲೆಯೊಳಗೆ ಮ್ಯಾಕ್ರೊ ಎಂಬ ಸಣ್ಣ ಆದೇಶಗಳನ್ನು ಬರೆದಿಡಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಸೌಲಭ್ಯದಿಂದ ಆ ಗಡಿ ಅಳಿಸಿಹೋಗಿತ್ತು. ಪತ್ರವೇ ಪ್ರೋಗ್ರಾಂ ಆಯಿತು. 1999ರ ಮಾರ್ಚ್ 26ರಂದು ಹಬ್ಬಿದ ‘ಮೆಲಿಸ್ಸಾ’ ಇದನ್ನೇ ಬಳಸಿತು. ನೀವು ಕೇಳಿದ್ದ ದಾಖಲೆ ಇಲ್ಲಿದೆ, ಬೇರೆ ಯಾರಿಗೂ ತೋರಿಸಬೇಡಿ ಎಂಬ ಪಿಸುಮಾತು. ತೆರೆದರೆ ಮೇಲ್ ಪ್ರೋಗ್ರಾಂ ಔಟ್‌ಲುಕ್‌ನ ವಿಳಾಸ ಪುಸ್ತಕದ ಮೊದಲ 50 ಮಂದಿಗೆ ನಿಮ್ಮ ಹೆಸರಲ್ಲೇ ರವಾನೆ. ಬರೆದ ನ್ಯೂ ಜೆರ್ಸಿಯ ಡೇವಿಡ್ ಸ್ಮಿತ್ 20 ತಿಂಗಳ ಜೈಲು ಕಂಡ.

2000ದ ಮೇ 4ರ ‘ಐ ಲವ್ ಯೂ’ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮನಿಲಾದಲ್ಲಿ ಹುಟ್ಟಿ ಬೆಳಗಾಗುವಷ್ಟರಲ್ಲಿ ಭೂಮಿಯನ್ನೇ ಸುತ್ತಿದ ಈ ಪ್ರೇಮಪತ್ರದ ಯಶಸ್ಸಿಗೆ ಪ್ರೀತಿ ಅರ್ಧ ಕಾರಣ, ವಿಂಡೋಸ್‌ನ ಒಂದು ಚಾಳಿ ಇನ್ನರ್ಧ. ಪ್ರತಿ ಫೈಲಿನ ಹೆಸರಿಗೂ ಚುಕ್ಕಿಯ ನಂತರ ಒಂದು ಬಾಲ ಇರುತ್ತದೆ. ಅದು ಚಿತ್ರವೋ, ಪತ್ರವೋ, ಓಡುವ ಪ್ರೋಗ್ರಾಮೋ ಎಂದು ತಿಳಿಸುವುದು ಆ ಬಾಲವೇ. ಸಾಮಾನ್ಯ ಜನರಿಗೆ ಇದೆಲ್ಲ ಗೊಂದಲ ಎಂದು ವಿಂಡೋಸ್ 95ರಿಂದ ಮೈಕ್ರೋಸಾಫ್ಟ್ ತನಗೆ ಗೊತ್ತಿರುವ ಬಾಲಗಳನ್ನು ಅಡಗಿಸಿಟ್ಟಿತು. ಪ್ರೇಮಪತ್ರದ ಫೈಲಿಗೆ ಎರಡು ಬಾಲ: ಮೊದಲನೆಯದು ಟಿಎಕ್ಸ್‌ಟಿ, ಅಂದರೆ ಸಾದಾ ಪಠ್ಯ, ಎರಡನೆಯದು ವಿಬಿಎಸ್, ಅಂದರೆ ಓಡುವ ಸ್ಕ್ರಿಪ್ಟ್. ನಿಜವಾದ ಬಾಲವನ್ನು ವಿಂಡೋಸ್ ತಾನೇ ಮುಚ್ಚಿತು, ಸುಳ್ಳು ಬಾಲ ಪರದೆಯ ಮೇಲೆ ಉಳಿಯಿತು. ವಿಂಡೋಸ್ 98ರಿಂದ ಮನೆಯ ಕಂಪ್ಯೂಟರಿಗೂ ಅಂಥ ಸ್ಕ್ರಿಪ್ಟ್ ಓಡಿಸುವ ಶಕ್ತಿ ಕೇಳದೆಯೇ ಬಂದಿತ್ತು. ಎಷ್ಟು ಗೃಹಸ್ಥರಿಗೆ ಅದು ಬೇಕಾಗಿತ್ತು?

ತೆರೆದವರ ಜೆಪೆಗ್ ಚಿತ್ರಗಳ ಮೇಲೆಲ್ಲ ಅದು ತನ್ನನ್ನೇ ಬರೆದುಕೊಂಡಿತು. ಕಚೇರಿಗಳು ಸರ್ವರ್ ನಿಲ್ಲಿಸಿ ಸುಧಾರಿಸಿಕೊಂಡವು. ಮನೆಗಳಲ್ಲಿ ಆಲ್ಬಂಗಳು ಹೋದವು. ಇದನ್ನು ಬರೆದ ಓನೆಲ್ ಡಿ ಗುಜ್ಮನ್ ಎಂಬ ತರುಣನ ಮೇಲಿನ ಪ್ರಕರಣ ನಿಲ್ಲಲಿಲ್ಲ, ಏಕೆಂದರೆ ಫಿಲಿಪ್ಪೀನ್ಸಿನಲ್ಲಿ ಇಂಥದ್ದು ಅಪರಾಧ ಎನ್ನುವ ಕಾನೂನೇ ಆಗ ಇರಲಿಲ್ಲ. ಮರುತಿಂಗಳೇ ಮಾಡಿಕೊಂಡರು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಗೂ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ಜೂನ್‌ನಲ್ಲಿ; ಅದರ 43ನೇ ಸೆಕ್ಷನ್ನಿನಲ್ಲಿ ವೈರಸ್ ಎಂಬ ಶಬ್ದ ಸೇರಿತ್ತು, ನಷ್ಟಪರಿಹಾರದ ಮಿತಿ ಒಂದು ಕೋಟಿ ರೂಪಾಯಿ. ಬೆಂಗಳೂರಿನಲ್ಲಿ ಸೈಬರ್ ಅಪರಾಧಕ್ಕೆಂದೇ ಪೊಲೀಸ್ ಠಾಣೆ ಶುರುವಾದದ್ದು 2001ರಲ್ಲಿ. ಆದರೆ ಕಾನೂನು ಬೆನ್ನಟ್ಟುವುದು ಬರೆದವನನ್ನು. ಮನೆಯ ಯಂತ್ರದ ಕಾವಲು ಬೇರೆಯೇ ಕೆಲಸ.

ಆ ಕೆಲಸ ಮೊದಲು ಬಿದ್ದದ್ದು ಆ್ಯಂಟಿವೈರಸ್ ಕಂಪನಿಗಳ ಪಾಲಿಗೆ. ಅವುಗಳ ವಿಧಾನ ಸರಳ: ಸಿಕ್ಕ ಪ್ರತಿ ವೈರಸ್ಸಿನ ಒಂದು ಗುರುತು ತೆಗೆದಿಟ್ಟುಕೊಳ್ಳುವುದು, ಬಂದ ಪ್ರತಿ ಫೈಲನ್ನೂ ಆ ಗುರುತಿನ ಪಟ್ಟಿಗೆ ಹೋಲಿಸುವುದು. ಠಾಣೆಯ ಗೋಡೆಯ ಮೇಲೆ ಹಳೆಯ ಕಳ್ಳರ ಪಟ ಅಂಟಿಸಿದ ಹಾಗೆ. ಇವತ್ತೇ ಮೊದಲ ಸಲ ಕದಿಯಲು ಹೊರಟವನ ಪಟ ಅಲ್ಲಿರುವುದಿಲ್ಲ. ಎಲ್ಲ ವೈರಸ್ಸನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಂ ಸಾಧ್ಯವೇ ಇಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದಿಂದ ತೋರಿಸಿದ್ದರು. ಹಾಗಾಗಿ ಪಟ್ಟಿ ದಿನವೂ ಹೊಸದಾಗಬೇಕಿತ್ತು. ಡಯಲ್‌ಅಪ್ ಕಾಲದ ನಮ್ಮ ಮನೆಗಳಲ್ಲಿ ಇದೇ ಕಷ್ಟ. ಮೋಡೆಮ್ ಕಿರಗುಟ್ಟಿ ಸಂಪರ್ಕ ಸಿಕ್ಕು ನಾಲ್ಕಾರು ಎಂಬಿ ಇಳಿಯುವಷ್ಟರಲ್ಲಿ ಫೋನ್ ಬಿಲ್ ಏರುತ್ತಿತ್ತು, ಒಳಗಿನಿಂದ ಅಮ್ಮ ಫೋನು ಬಿಡು ಎನ್ನುತ್ತಿದ್ದಳು. ಕಂಪ್ಯೂಟರ್ ಪತ್ರಿಕೆಯ ಜೊತೆ ತಿಂಗಳಿಗೊಮ್ಮೆ ಬರುವ ಸಿಡಿಯಿಂದ ಅಪ್‌ಡೇಟ್ ಹಾಕಿಕೊಂಡವರು ಎಷ್ಟೋ ಮಂದಿ. ಪುಣೆಯ ಕಾಟ್ಕರ್ ಸೋದರರ ಕ್ವಿಕ್ ಹೀಲ್, ಚೆನ್ನೈನ ಕೆ7 ಇಲ್ಲಿ ಬೇರೂರಿದ್ದು ಈ ನೆಲದ ಪಾಡು ಗೊತ್ತಿದ್ದದ್ದರಿಂದಲೂ ಇರಬೇಕು. ಇನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಕ್ಕೆ ಕಳ್ಳ ಪ್ರತಿಯ ವಿಂಡೋಸ್ ಹಾಕಿಸಿಕೊಂಡವರು ಅಪ್‌ಡೇಟ್ ಎಂಬ ಗುಂಡಿಯನ್ನು ಮುಟ್ಟಲೇ ಹೆದರುತ್ತಿದ್ದರು.

ಉಪದೇಶದ ದಾರಿ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ 2002ರ ಕರಡಿಯ ಪ್ರಸಂಗ ಸಾಕು. ನಿಮ್ಮ ಕಂಪ್ಯೂಟರಿನಲ್ಲಿ ಪುಟ್ಟ ಕರಡಿಮರಿಯ ಚಿಹ್ನೆಯ ಫೈಲೊಂದು ಇದೆಯೇ ನೋಡಿ, ಇದ್ದರೆ ಅದು ವೈರಸ್, ಕೂಡಲೇ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ ಎಂಬ ಕಾಳಜಿಯ ಮೇಲ್ ಬಂತು. ಹುಡುಕಿದರೆ ಕರಡಿ ಇದ್ದೇ ಇತ್ತು, ಯಾಕೆಂದರೆ ಅದು ವಿಂಡೋಸಿನದೇ ಫೈಲು! ಎಚ್ಚರ, ಎಚ್ಚರ ಎಂದು ಕೇಳಿ ಕೇಳಿ ಬೆದರಿದ್ದ ಜನ ತಮ್ಮ ಕೈಯಾರೆ ಅದನ್ನು ಅಳಿಸಿ, ತಾವೇ ಊರಿಗೆಲ್ಲ ಹಂಚಿದರು. ಅಟ್ಯಾಚ್‌ಮೆಂಟ್ ಇಲ್ಲ, ಪ್ರೋಗ್ರಾಂ ಇಲ್ಲ, ಓದಿದವನೇ ವೈರಸ್.

ಐ ಲವ್ ಯೂ ಬಂದು ಹೋದ ಮರುತಿಂಗಳೇ ಮೈಕ್ರೋಸಾಫ್ಟ್ ಔಟ್‌ಲುಕ್‌ಗೆ ಒಂದು ತೇಪೆ ಹಾಕಿತು. ಓಡಬಲ್ಲ ಬಾಲದ ಅಟ್ಯಾಚ್‌ಮೆಂಟ್‌ಗಳು ಕೈಗೇ ಸಿಗದಂತೆ ಮಾಡಿತು. ವಿಳಾಸ ಪುಸ್ತಕಕ್ಕೆ ಬೇರೆ ಪ್ರೋಗ್ರಾಂ ಕೈಹಾಕಿದರೆ ನಿಮ್ಮನ್ನು ಕೇಳುವಂತೆ ಮಾಡಿತು. ಬೇಕಾದ ಫೈಲೂ ಬರುತ್ತಿಲ್ಲ ಎಂದು ಬೈದವರು ಬಹಳ. ನನ್ನ ಲೆಕ್ಕದಲ್ಲಿ ಈ ಇತಿಹಾಸದ ಮೊದಲ ನಿಜವಾದ ತಿರುವು ಅದೇ. ಆದರೆ ಮನೆಗಳಲ್ಲಿ ಓಡುತ್ತಿದ್ದುದು ಹೆಚ್ಚಾಗಿ ಉಚಿತವಾಗಿ ಬರುವ ಔಟ್‌ಲುಕ್ ಎಕ್ಸ್‌ಪ್ರೆಸ್. ಆ ತೇಪೆ ಅದಕ್ಕಿರಲಿಲ್ಲ. 2001ರ ಫೆಬ್ರುವರಿಯಲ್ಲಿ ಟೆನಿಸ್ ತಾರೆ ಅನ್ನಾ ಕುರ್ನಿಕೋವಾ ಹೆಸರಿನ ಫೋಟೊ ಅದೇ ಎರಡು ಬಾಲದ ಉಪಾಯದಿಂದ ಹಬ್ಬಿತು. ಜುಲೈನ ‘ಸರ್‌ಕ್ಯಾಮ್’ ಇನ್ನೂ ನಾಚಿಕೆಗೆಟ್ಟದ್ದು: ನಿಮ್ಮ ಡಿಸ್ಕಿನಿಂದ ಯಾವುದೋ ಒಂದು ಸ್ವಂತ ದಾಖಲೆ ಎತ್ತಿಕೊಂಡು, ಅದರೊಳಗೆ ತಾನು ಕೂತು, ನಿಮ್ಮ ಸಲಹೆ ಬೇಕಿತ್ತು ಎಂದು ಕಂಡವರಿಗೆಲ್ಲ ಕಳಿಸುತ್ತಿತ್ತು. ಸೆಪ್ಟೆಂಬರಿನ ‘ನಿಮ್ಡಾ’ಗೆ ಅಟ್ಯಾಚ್‌ಮೆಂಟ್ ಒತ್ತುವ ಶ್ರಮವೂ ಬೇಕಿರಲಿಲ್ಲ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ದೋಷ ಸರಿಪಡಿಸಿಕೊಳ್ಳದ ಯಂತ್ರದಲ್ಲಿ ಮೇಲ್ ಕಣ್ಣಿಗೆ ಬಿದ್ದರೆ ಸಾಕಿತ್ತು. ‘ಕ್ಲೆಜ್’ ಕಳಿಸಿದವರ ಹೆಸರನ್ನೇ ಕದ್ದು ಹಾಕತೊಡಗಿದಾಗ, ಏನೂ ಕಳಿಸದ ಪಾಪದವರಿಗೆ ನೀವು ವೈರಸ್ ಕಳಿಸಿದ್ದೀರಿ ಎಂಬ ಆ್ಯಂಟಿವೈರಸ್‌ಗಳ ಬೈಗುಳ ತಲುಪುತ್ತಿತ್ತು. ಗುರುತಿದ್ದವರು, ಗುರುತಿಲ್ಲದವರು ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ.

2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆ ಪತ್ರ ಬರೆದು, ಹೊಸ ಸೌಲಭ್ಯವೋ ಸುರಕ್ಷತೆಯೋ ಎಂಬ ಆಯ್ಕೆ ಬಂದರೆ ಸುರಕ್ಷತೆಯೇ ಮೇಲು ಎಂದರು. ಫಲ ಕಾಣಲು ಎರಡೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ 2004ರ ಜನವರಿ ಬಂತು, ತಲುಪದೆ ಹಿಂದಿರುಗಿದ ಮೇಲ್‌ನ ವೇಷ ತೊಟ್ಟ ‘ಮೈಡೂಮ್’ ಬಂತು, ಅದರ ಜೊತೆಗೇ ‘ಬೇಗಲ್’. ಮೇಲ್ ಸರ್ವರುಗಳು ಅಟ್ಯಾಚ್‌ಮೆಂಟ್ ಬಿಚ್ಚಿ ನೋಡತೊಡಗಿದ್ದನ್ನು ಕಂಡ ಬೇಗಲ್‌ನ ಕರ್ತೃ ಫೈಲನ್ನು ಜಿಪ್ ಮಾಡಿ ಬೀಗ ಹಾಕಿದ, ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದ. ಸ್ಕ್ಯಾನರುಗಳು ಆ ಪಾಸ್‌ವರ್ಡ್ ಓದಲು ಕಲಿತವು. ಅವನು ಅದನ್ನು ಚಿತ್ರವಾಗಿ ಕಳಿಸಿದ. ಜನ ಚಿತ್ರ ನೋಡಿ, ಪಾಸ್‌ವರ್ಡ್ ಬೆರಳಚ್ಚಿಸಿ, ಬೀಗ ತೆಗೆದು, ಒಳಗಿದ್ದದ್ದನ್ನು ಓಡಿಸಿದರು! ಜರ್ಮನಿಯ ಹದಿಹರೆಯದ ಹುಡುಗನೊಬ್ಬನ ‘ನೆಟ್‌ಸ್ಕೈ’ ಬೇಗಲ್ಲನ್ನು ಕಂಡಲ್ಲಿ ಅಳಿಸಿ ಆ ಜಾಗದಲ್ಲಿ ತಾನು ಕೂರುತ್ತಿತ್ತು. ಇಬ್ಬರು ಕರ್ತೃಗಳೂ ವೈರಸ್ಸಿನೊಳಗೇ ಒಬ್ಬರನ್ನೊಬ್ಬರು ಬೈದುಕೊಂಡರು.

ಅದೇ ವರ್ಷದ ಆಗಸ್ಟ್‌ನ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ ಫೈರ್‌ವಾಲ್ ಯಾರೂ ಹೇಳದೆ ತಾನೇ ಚಾಲೂ ಆಗಿತ್ತು. ಹೊರಗಿಂದ ಬಂದ ಫೈಲಿಗೆ ಇದು ಹೊರಗಿನದು ಎಂದು ಕಣ್ಣಿಗೆ ಕಾಣದ ಒಂದು ಮುದ್ರೆ ಬೀಳತೊಡಗಿತು. ಆವತ್ತು ಯಾರೂ ಗಮನಿಸದ ಈ ಮುದ್ರೆಯ ಮೇಲೆಯೇ ಇಂದಿನ ಎಷ್ಟೋ ರಕ್ಷಣೆ ನಿಂತಿದೆ. ಏಪ್ರಿಲ್‌ನಲ್ಲಿ ಶುರುವಾಗಿದ್ದ ಜಿಮೇಲ್ ಕಾಲಕ್ರಮೇಣ ಮನೆಯವರ ಮೇಲ್‌ಗಳನ್ನೆಲ್ಲ ತನ್ನತ್ತ ಎಳೆದುಕೊಂಡಾಗ ಕಾವಲೂ ಅದರೊಂದಿಗೆ ಸರ್ವರಿಗೆ ಹೋಯಿತು. ಇಎಕ್ಸ್‌ಇ ಬಾಲದ ಫೈಲನ್ನು ಅದು ಒಯ್ಯುವುದೇ ಇಲ್ಲ, ಜಿಪ್‌ನಲ್ಲಿ ಸುತ್ತಿಟ್ಟರೂ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಆ್ಯಂಟಿವೈರಸ್ ಯಂತ್ರದೊಳಗೇ ಬರತೊಡಗಿತು. ಹಳೆಯ ಪಟದ ಗೋಡೆಯ ಜೊತೆಗೆ, ಫೈಲು ಓಡುವಾಗ ಏನು ಮಾಡುತ್ತದೆ ಎಂಬ ನಡತೆಯ ಪರೀಕ್ಷೆಯೂ ಸೇರಿಕೊಂಡಿತು.

ಆ ಹೊತ್ತಿಗೆ ವೈರಸ್ ಬರೆಯುವವರೂ ಬದಲಾಗಿದ್ದರು. ಹೆಸರಿಗಾಗಿ ಬರೆಯುವ ಹುಡುಗರು ಹೋಗಿ ಹಣಕ್ಕಾಗಿ ಬರೆಯುವ ತಂಡಗಳು ಬಂದವು. 2013ರ ಸೆಪ್ಟೆಂಬರ್‌ನ ‘ಕ್ರಿಪ್ಟೋಲಾಕರ್’ ಪಿಡಿಎಫ್ ಚಿಹ್ನೆ ತೊಟ್ಟ ಅಟ್ಯಾಚ್‌ಮೆಂಟ್ ಆಗಿ ಬಂದು, ಫೈಲುಗಳಿಗೆಲ್ಲ ಗೂಢಲಿಪಿಯ ಬೀಗ ಜಡಿದು, 72 ಗಂಟೆಗಳ ಗಡುವು ಕೊಟ್ಟು ಹಣ ಕೇಳುತ್ತಿತ್ತು. ವೈರಸ್ ತೆಗೆದರೂ ಬೀಗ ಉಳಿಯುತ್ತದೆ. ಆ್ಯಂಟಿವೈರಸ್‌ನ ಇಡೀ ತರ್ಕವೇ ಇಲ್ಲಿ ಸೋತಿತು. ಬ್ಯಾಕಪ್ ಮಾಡಿಟ್ಟವರು ಬಚಾವಾದರು, ಅವರಲ್ಲೂ ಬ್ಯಾಕಪ್ ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡದವರು ಮಾತ್ರ. ಸಿಕ್ಕಿಸಿದ್ದರೆ ಅದಕ್ಕೂ ಬೀಗ. ‘ಎಮೋಟೆಟ್’ ತಂಡ ಇನ್ನೂ ಮುಂದೆ ಹೋಗಿ, ಕದ್ದ ಹಳೆಯ ಮೇಲ್‌ಗಳಿಗೇ ಉತ್ತರವಾಗಿ ತನ್ನ ಅಟ್ಯಾಚ್‌ಮೆಂಟ್ ಸೇರಿಸುತ್ತಿತ್ತು. ಹೆಸರು ನಿಜ, ವಿಷಯ ನಿಜ, ಕೆಳಗೆ ನೀವೇ ಬರೆದ ಸಾಲುಗಳು. ಹಲವು ದೇಶಗಳ ಪೊಲೀಸರು ಸೇರಿ 2021ರ ಜನವರಿಯಲ್ಲಿ ಅದರ ಸರ್ವರುಗಳನ್ನು ವಶಪಡಿಸಿಕೊಂಡರು. ವರ್ಷ ಮುಗಿಯುವ ಮೊದಲೇ ಅದು ಮರಳಿತು.

ಎಮೋಟೆಟ್ ಬಳಸುತ್ತಿದ್ದುದು ಹೆಚ್ಚಾಗಿ ವರ್ಡ್ ದಾಖಲೆಯ ಮ್ಯಾಕ್ರೊವನ್ನೇ. ಹೊರಗಿನ ಮುದ್ರೆಯುಳ್ಳ ದಾಖಲೆಯ ಮ್ಯಾಕ್ರೊ ಓಡದಂತೆ ಮೈಕ್ರೋಸಾಫ್ಟ್ ತಾನಾಗಿ ತಡೆದದ್ದು 2022ರಲ್ಲಿ. ಕಾನ್ಸೆಪ್ಟ್ ಬಂದು ಆಗ 27 ವರ್ಷ! ಅಲ್ಲಿಯವರೆಗೆ ಹಳದಿ ಪಟ್ಟಿಯೊಂದು ಎಚ್ಚರಿಸುತ್ತಿತ್ತು, ಪಕ್ಕದಲ್ಲೇ ಅನುಮತಿಸುವ ಗುಂಡಿಯೂ ಇರುತ್ತಿತ್ತು. ಗುಂಡಿ ತೆಗೆದ ಮೇಲೆ ಕಳ್ಳರು ಆ ದಾರಿ ಬಿಟ್ಟು ಡಿಸ್ಕ್ ಇಮೇಜು, ಶಾರ್ಟ್‌ಕಟ್ ಫೈಲು, ಒನ್‌ನೋಟ್ ಪುಟ ಎಂದು ಬೇರೆ ಬೇರೆ ಬಾಲಗಳನ್ನು ಹುಡುಕುತ್ತ ಹೋದರು. ಒಂದೊಂದಾಗಿ ಅವೂ ಮುಚ್ಚುತ್ತ ಬಂದವು. ಫೈಲಿನ ಬಾಲ ಅಡಗಿಸುವ ಚಾಳಿ ಮಾತ್ರ ವಿಂಡೋಸ್ 11ರಲ್ಲೂ ಹಾಗೇ ಇದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿಗೆ ಹೋಗಿ ಅದನ್ನು ಬದಲಿಸಲು ಅರ್ಧ ನಿಮಿಷ ಸಾಕು. ನೆಂಟರಿಷ್ಟರ ಕಂಪ್ಯೂಟರ್ ನನ್ನ ಕೈಗೆ ಸಿಕ್ಕರೆ ನಾನು ಮೊದಲು ಮಾಡುವ ಕೆಲಸ ಅದೇ, ಅವರು ಬೇರೇನೋ ಸರಿಮಾಡಲು ಕರೆದಿದ್ದರೂ.

ಈಗ ಮನೆಯಲ್ಲಿ ಮೇಲ್ ತೆರೆಯುವವರೇ ಕಡಿಮೆ. ಅಟ್ಯಾಚ್‌ಮೆಂಟ್ ವಾಟ್ಸ್‌ಆ್ಯಪ್‌ಗೆ ವಾಸ ಬದಲಿಸಿದೆ. ಮದುವೆಯ ಆಮಂತ್ರಣ, ವಾಹನದ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ಆ್ಯಪ್‌ನ ಫೈಲು ಬರುತ್ತದೆ, ಎಷ್ಟೋ ಸಲ ನಂಟರ ನಂಬರಿನಿಂದಲೇ; ಅವರ ಫೋನ್ ಅದಾಗಲೇ ಕಳ್ಳರ ಕೈಯಲ್ಲಿರುತ್ತದೆ. ಹೊರಗಿನ ಆ್ಯಪ್ ಹಾಕಿಕೊಳ್ಳಲು ಆಂಡ್ರಾಯ್ಡ್ ಸುಮ್ಮನೆ ಬಿಡುವುದಿಲ್ಲ, ಸೆಟ್ಟಿಂಗ್‌ಗೆ ಹೋಗಿ ಅನುಮತಿ ಕೊಡಬೇಕು. ಮದುವೆಗೆ ಹೋಗುವ ಅವಸರದಲ್ಲಿ ಜನ ಕೊಡುತ್ತಾರೆ. ಒಳಗೆ ಕೂತ ಆ್ಯಪ್ ಎಸ್‌ಎಂಎಸ್ ಓದಿ ಒಟಿಪಿ ಸಾಗಿಸುತ್ತದೆ, ಆಮೇಲೆ ಅದೇ ಆಮಂತ್ರಣವನ್ನು ಬಳಗಕ್ಕೆಲ್ಲ ಹಂಚುತ್ತದೆ. ಹಣ ಹೋದವರು ಕರೆ ಮಾಡಬೇಕಾದ ನಂಬರು 1930. ಈ ಸಲ ಬಾಲ ಮುಚ್ಚಿಲ್ಲ: ವಾಟ್ಸ್‌ಆ್ಯಪ್‌ನಲ್ಲಿ ಫೈಲಿನ ಹೆಸರಿನ ಕೆಳಗೆ, ಅದರ ಗಾತ್ರದ ಪಕ್ಕದಲ್ಲೇ, ಎಪಿಕೆ, ಅಂದರೆ ಆ್ಯಪ್, ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.