ಅಜ್ಜಾರ ಹಾರ್ಮೋನಿಯಂ

ಶ್ರಾವಣ ಬಂತೆಂದರೆ ನಮ್ಮ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಕಥೆ ಹೇಳುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಒಬ್ಬ ಗವಾಯಿ, ತಬಲಾದವರೊಬ್ಬರು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಬಹಳ ಸಲ ಬರುವ ಉತ್ತರ ಒಂದೇ: ‘ಗದಗ ಆಶ್ರಮದಾಗ, ಅಜ್ಜಾರ ಕಡೆ.’

ಆ ಅಜ್ಜಾರು ಪಂಡಿತ ಪುಟ್ಟರಾಜ ಗವಾಯಿಗಳು. ಅವರನ್ನು ನಾವು ನಡೆದಾಡುವ ದೇವರೆಂದು ಕರೆದೆವು, ನಾಣ್ಯಗಳಲ್ಲಿ ತುಲಾಭಾರ ಮಾಡಿದೆವು. ಈ ಭಕ್ತಿಯ ನಡುವೆ ಅವರೊಬ್ಬ ವಾದ್ಯಗಾರ ಎಂಬುದೇ ನಮಗೆ ಮರೆಯುತ್ತ ಬಂದಿದೆ.

ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಅವರು ಹುಟ್ಟಿದರು. ಬಾಲ್ಯದಲ್ಲೇ ಕಣ್ಣು ಹೋದವು. ತಂದೆ-ತಾಯಿಯ ಆಸರೆ ತಪ್ಪಿ ಸೋದರಮಾವ ಚಂದ್ರಶೇಖರಯ್ಯನವರ ಮನೆಯಲ್ಲಿ ಬೆಳೆದರು. ಮಾವ ನುಡಿಸುತ್ತಿದ್ದ ಹಾರ್ಮೋನಿಯಂ ಮೇಲೆ ಹುಡುಗ ತಾನೇ ಬೆರಳಾಡಿಸತೊಡಗಿದ. ಅದನ್ನು ಕಂಡ ಮಾವ ಅವನನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದರು.

ಪಂಚಾಕ್ಷರಿ ಗವಾಯಿಗಳೂ ಅದೇ ಸೀಮೆಯವರು, 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧರು. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದವರು. ಆ ತಿರುಗಾಟದ ಶಾಲೆಯೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಇಲ್ಲಿ ಪುಟ್ಟಯ್ಯ ಹಿಂದೂಸ್ತಾನಿ ಕಲಿತ. ಮುಂಡರಗಿ ರಾಘವೇಂದ್ರಾಚಾರ್ಯರಿಂದ ಕರ್ನಾಟಕ ಸಂಗೀತವೂ ಸಿಕ್ಕಿತು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು ಸೇರಿ ಹಲವು ವಾದ್ಯಗಳು ಕೈವಶವಾದವು.

ಹಾರ್ಮೋನಿಯಂನಲ್ಲಿ ಸ್ವರದ ಜಾಗ ಖಾಯಂ. ಕರಿ ಮನೆ, ಬಿಳಿ ಮನೆಗಳನ್ನು ಬೆರಳೇ ಗುರುತಿಸುತ್ತದೆ, ಕಣ್ಣು ಬೇಕಿಲ್ಲ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ಪಿಟೀಲು ಅದಕ್ಕೆ ಪೂರಾ ತಿರುವುಮುರುವು. ಅಲ್ಲಿ ಮನೆಗಳೇ ಇಲ್ಲ, ಸ್ವರ ಎಲ್ಲಿದೆ ಎಂದು ಕಿವಿಯೇ ಹೇಳಬೇಕು. ಒಂದು ಬೆರಳನ್ನು ಪಳಗಿಸುತ್ತದೆ, ಇನ್ನೊಂದು ಕಿವಿಯನ್ನು. ಎರಡನ್ನೂ ಬಲ್ಲವರು ಗುರುವಾದಾಗ ಶಿಷ್ಯನಿಗೆ ಪುಸ್ತಕದ ಹಂಗು ಉಳಿಯುವುದಿಲ್ಲ. ಗುರು ಹಾಡಿದ್ದನ್ನು ಕೇಳಿ ತಿರುಗಿ ಹಾಡುವುದೇ ಪಾಠ.

ಇದೇ ಹಾರ್ಮೋನಿಯಂಗೆ ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಮುಚ್ಚಿತ್ತು. ನಮ್ಮ ರಾಗಗಳಿಗೆ ಅದು ಒಗ್ಗದು ಎಂಬುದು ವಾದ. ದಿಲ್ಲಿಯಲ್ಲಿ ಬೇಡವಾದ ಪೆಟ್ಟಿಗೆ ನಮ್ಮ ಕಡೆಯ ಕಣ್ಣಿಲ್ಲದ ಹುಡುಗರಿಗೆ ಹೊಟ್ಟೆಪಾಡಾಯಿತು. ಪುರಾಣ, ಭಜನೆ, ನಾಟಕ ಎಲ್ಲಕ್ಕೂ ಅದೇ ಬೇಕಿತ್ತು.

1944ರಲ್ಲಿ ಗುರುಗಳು ಲಿಂಗೈಕ್ಯರಾದರು. ನೂರಾರು ಮಕ್ಕಳ ಊಟ, ಪಾಠದ ಭಾರ ಪುಟ್ಟರಾಜರ ಮೇಲೆ ಬಿತ್ತು. ಆಶ್ರಮಕ್ಕೆ ಹಣ ಕೂಡಿಸಲು ನಾಟಕ ಕಂಪನಿಯನ್ನೂ ನಡೆಸಿದರು, ತಾವೇ ನಾಟಕ ಬರೆದರು. ಸಂಗೀತ ಜಾತಿ ಕೇಳಲಿಲ್ಲ, ಫೀಸೂ ಕೇಳಲಿಲ್ಲ. ಇಲ್ಲಿ ಹನ್ನೆರಡು ವರ್ಷ ಕಲಿತ ವೆಂಕಟೇಶ್ ಕುಮಾರ್ ಅವರ ಹಾಡು ಇಂದು ದೇಶವೆಲ್ಲ ಕೇಳುತ್ತದೆ.

ಗುರುವಿನ ಬದುಕಿನ ಮೇಲೆ ಬಂದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದಿತು. ಶಿಷ್ಯನಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದಾಗ ಗದಗಿಗೆ ಜನಸಾಗರವೇ ಹರಿದು ಬಂತು.

ದೊಡ್ಡವರ ಹೆಸರು ಹೇಗೋ ಉಳಿಯುತ್ತದೆ. ಊರ ಗುಡಿಯಲ್ಲಿ ತಿಂಗಳುಗಟ್ಟಲೆ ಹಾಡಿ, ಮಂಗಲದ ದಿನ ಶಾಲು ಹೊದ್ದು, ಬಸ್ಸು ಹತ್ತಿ ಹೋಗುವ ಗವಾಯಿಯ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಅಜ್ಜಾರ ಕೈ ಹೇಗೆ ಓಡುತ್ತಿತ್ತು, ಪಾಠದಲ್ಲಿ ಎಲ್ಲಿ ತಡೆದು ತಿದ್ದುತ್ತಿದ್ದರು ಎಂಬುದು ಅವರ ಬೆರಳುಗಳಲ್ಲೇ ಇದೆ. ಅವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಈ ಶ್ರಾವಣದಲ್ಲಿ ಪುರಾಣ ಕೇಳಲು ಹೋದಾಗ ನಾವು ಪೆನ್ನು, ಫೋನು ಹಿಡಿದು ಅವರ ಪಕ್ಕ ಕೂರಬೇಕು. ಅಜ್ಜಾರಿಗೆ ತುಲಾಭಾರ ಮಾಡಿದ ಜನ ನಾವು, ಇಷ್ಟು ಮಾಡಲಾರೆವೇ?