ಮನೆಯ ಛಾವಣಿಯ ಮಳೆ ಕೊಯ್ಲು: ಚೆನ್ನೈ ಕನ್ನಡಿಗರಿಗೊಂದು ಕೈಪಿಡಿ

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ನಮಗೆ ನೀರಿನ ಎರಡು ಮುಖಗಳೂ ಪರಿಚಿತ. 2015ರ ಡಿಸೆಂಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ನಗರದ ಅನೇಕ ಬಡಾವಣೆಗಳು ಮುಳುಗಿದವು. ನಾಲ್ಕೇ ವರ್ಷಗಳ ಅಂತರದಲ್ಲಿ, 2019ರ ಜೂನ್ ತಿಂಗಳಲ್ಲಿ, ಪೂಂಡಿ, ಚೋಳವರಂ, ಪುಳಲ್ ಮತ್ತು ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಬತ್ತಿಹೋದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಇಷ್ಟಾಗಿಯೂ ಚೆನ್ನೈ ಮಳೆ ಕಡಿಮೆ ಬೀಳುವ ಊರಲ್ಲ. ಇಲ್ಲಿನ ವಾರ್ಷಿಕ ಸರಾಸರಿ ಮಳೆ ಸುಮಾರು 1,400 ಮಿ.ಮೀ. ಅದರ ಅರ್ಧಕ್ಕಿಂತ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ, ಕೆಲವೇ ದಿನಗಳಲ್ಲಿ ಸುರಿದು ಸಮುದ್ರ ಸೇರುತ್ತದೆ. ಆ ದಿನಗಳಲ್ಲಿ ನೀರನ್ನು ಹಿಡಿದಿಡುವುದೇ ಮಳೆ ಕೊಯ್ಲಿನ ಮೂಲ ತತ್ವ.

ಕಾನೂನಿನ ಹಿನ್ನೆಲೆ

ತಮಿಳುನಾಡು ಸರ್ಕಾರವು 2003ರಲ್ಲಿ ಸುಗ್ರೀವಾಜ್ಞೆಯ ಮೂಲಕ ಹಳೆಯ ಹಾಗೂ ಹೊಸ ಕಟ್ಟಡಗಳೆಲ್ಲಕ್ಕೂ ಮಳೆ ಕೊಯ್ಲನ್ನು ಕಡ್ಡಾಯಗೊಳಿಸಿತು. ಅದಕ್ಕೂ ಮೊದಲೇ ಮನೆಮನೆಗೆ ತೆರಳಿ ಈ ವಿಚಾರವನ್ನು ಪ್ರಚಾರ ಮಾಡಿದವರಲ್ಲಿ ಶೇಖರ್ ರಾಘವನ್ ಪ್ರಮುಖರು. ಆಕಾಶ ಗಂಗಾ ಟ್ರಸ್ಟ್ 2002ರಲ್ಲಿ ಚೆನ್ನೈನಲ್ಲಿ ಮಳೆ ಕೇಂದ್ರವನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಇಂಥ ಕಾನೂನು ಬಂದದ್ದು 2009ರಲ್ಲಿ. ಕನ್ನಡದಲ್ಲಿ ನೆಲ-ಜಲದ ಬರವಣಿಗೆಯನ್ನು ದಶಕಗಳಿಂದ ನಡೆಸಿಕೊಂಡು ಬಂದ ಶ್ರೀ ಪಡ್ರೆಯವರನ್ನೂ, ಬೆಂಗಳೂರಿನ ತಮ್ಮ ಮನೆಯನ್ನು ಮಳೆ ನೀರಿನಿಂದಲೇ ನಡೆಸಿ ತೋರಿಸಿದ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರನ್ನೂ ಇಲ್ಲಿ ಸ್ಮರಿಸಬೇಕು.

ಆದರೆ ಕಾನೂನಿನ ಭಯಕ್ಕೆ ಅಂದು ತೋಡಿದ ಗುಂಡಿಗಳೆಲ್ಲವೂ ಇಂದು ಕೆಲಸ ಮಾಡುತ್ತಿಲ್ಲ. ಹೂಳು ತುಂಬಿದ ಗುಂಡಿಯೂ ಗುಂಡಿಯಿಲ್ಲದ ಮನೆಯೂ ಒಂದೇ. ಆದುದರಿಂದ ಹೊಸದಾಗಿ ಕಟ್ಟುವವರಿಗೂ, ಹಳೆಯದನ್ನು ಸರಿಪಡಿಸುವವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಎಷ್ಟು ನೀರು ದೊರೆಯುತ್ತದೆ?

ಒಂದು ಚದರ ಮೀಟರ್ ಛಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಆವಿಯಾಗುವುದು, ಸೋರುವುದು, ಕೊಳೆ ತೊಳೆಯಲು ಬಿಡುವುದು ಇವನ್ನು ಕಳೆದು ಶೇಕಡಾ 80ರಷ್ಟು ಕೈಗೆ ಸಿಗುವುದೆಂದು ಲೆಕ್ಕ ಹಾಕಬಹುದು. 100 ಚದರ ಮೀಟರ್, ಅಂದರೆ ಸುಮಾರು 1,075 ಚದರಡಿ ಛಾವಣಿಗೆ:

100 × 1,400 × 0.8 = 1,12,000 ಲೀಟರ್.

ತಲಾ ದಿನಕ್ಕೆ 135 ಲೀಟರ್‌ನಂತೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 1,97,100 ಲೀಟರ್ ಬೇಕು. ಅದರ ಅರ್ಧಕ್ಕಿಂತ ಹೆಚ್ಚು ನಮ್ಮ ತಲೆಯ ಮೇಲೆಯೇ ಬೀಳುತ್ತಿದೆ! ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡಲು ಸಾಧ್ಯವಿಲ್ಲ. ಆದ್ದರಿಂದ ಒಂದು ಭಾಗವನ್ನು ಸಂಗ್ರಹಿಸಿ, ಉಳಿದುದನ್ನು ನೆಲಕ್ಕೆ ಇಂಗಿಸುವುದೇ ಸೂಕ್ತ ಮಾರ್ಗ.

1. ಛಾವಣಿ ಮತ್ತು ಕೊಳವೆಗಳು

ಛಾವಣಿಯು ನೀರು ನಿಲ್ಲದಂತೆ ಕೊಳವೆಯ ಬಾಯಿಯ ಕಡೆಗೆ ಇಳಿಜಾರಾಗಿರಬೇಕು. ಕುಡಿಯುವ ನೀರು ಹಿಡಿಯುವ ಛಾವಣಿಯಲ್ಲಿ ಸಾಕುಪ್ರಾಣಿಗಳನ್ನು ಬಿಡುವುದು, ಸೀಸ ಬೆರೆತ ಬಣ್ಣ ಬಳಿಯುವುದು ಸಲ್ಲದು. ಕಲ್ನಾರಿನ ತಗಡಿನ ನೀರನ್ನು ಇಂಗಿಸಲು ಮಾತ್ರ ಬಳಸುವುದು ಉತ್ತಮ. ಕೊಳವೆಯ ಬಾಯಿಗೆ ಎಲೆ-ಕಸ ತಡೆಯುವ ಜಾಲರಿ ಇರಲಿ. ಗಂಟೆಗೆ 100 ಮಿ.ಮೀ. ವೇಗದ ಬಿರುಮಳೆಯಲ್ಲಿ 100 ಮಿ.ಮೀ. ವ್ಯಾಸದ ಒಂದು ಕೊಳವೆ ಸುಮಾರು 40 ಚದರ ಮೀಟರ್ ಛಾವಣಿಯ ನೀರನ್ನು ಮಾತ್ರ ಇಳಿಸಬಲ್ಲದು. ಹೀಗಾಗಿ 100 ಚದರ ಮೀಟರ್ ಛಾವಣಿಗೆ ಎರಡು-ಮೂರು ಇಳಿಕೊಳವೆಗಳು ಬೇಕಾಗುತ್ತವೆ. ಒಂದೇ ಕೊಳವೆಯಿದ್ದಲ್ಲಿ ನೀರು ಛಾವಣಿಯಲ್ಲೇ ನಿಂತು ಗೋಡೆಗೆ ತೇವ ಇಳಿಯುತ್ತದೆ.

2. ಮೊದಲ ಮಳೆಯ ನೀರನ್ನು ಬೇರ್ಪಡಿಸುವುದು

ತಿಂಗಳುಗಟ್ಟಲೆ ಕೂತ ಧೂಳು, ಹಕ್ಕಿಗಳ ಹಿಕ್ಕೆ, ಹೊಗೆಯ ಮಸಿ ಇವೆಲ್ಲವೂ ಮೊದಲ ಮಳೆಯಲ್ಲಿ ತೊಳೆದು ಬರುತ್ತವೆ. ಮೊದಲ 1 ಮಿ.ಮೀ. ಮಳೆಯನ್ನು ಹೊರಗೆ ಬಿಡುವುದು ಕ್ಷೇಮ. 100 ಚದರ ಮೀಟರ್ ಛಾವಣಿಗೆ ಇದು 100 ಲೀಟರ್ ಆಗುತ್ತದೆ. 100 ಮಿ.ಮೀ. ಕೊಳವೆಯ ಒಂದು ಮೀಟರ್ ಉದ್ದದಲ್ಲಿ ಸುಮಾರು 8 ಲೀಟರ್ ಮಾತ್ರ ಹಿಡಿಯುವುದರಿಂದ, ಗೋಡೆಗೆ ನಿಲ್ಲಿಸಿದ ಗಿಡ್ಡ ಕೊಳವೆ ಸಾಲದು. ಇಳಿಕೊಳವೆಗೆ ಕವಲು ಹಾಕಿ 100 ಲೀಟರಿನ ಡ್ರಮ್ ಜೋಡಿಸಿರಿ. ಅದು ತುಂಬಿದ ಮೇಲೆ ನೀರು ತಾನಾಗಿ ಶೋಧಕದ ಕಡೆಗೆ ಹರಿಯುತ್ತದೆ. ಪ್ರತಿ ಮಳೆಯ ನಂತರ ಡ್ರಮ್ಮಿನ ತಳದ ನಲ್ಲಿ ತೆರೆದು ಖಾಲಿ ಮಾಡಲು ಮರೆಯಬಾರದು. ತುಂಬಿದ ಡ್ರಮ್ಮಿನಿಂದ ಮುಂದಿನ ಮಳೆಗೆ ಪ್ರಯೋಜನವಿಲ್ಲ.

3. ಶೋಧಕ

200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಶೋಧಕವನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ತಳದಿಂದ ಮೇಲಕ್ಕೆ ಪದರಗಳು ಹೀಗಿರಲಿ:

- 20ರಿಂದ 40 ಮಿ.ಮೀ. ಜಲ್ಲಿ: 20 ಸೆಂ.ಮೀ.
- 10 ಮಿ.ಮೀ. ಗಾತ್ರದ ಸಣ್ಣ ಕಲ್ಲು: 15 ಸೆಂ.ಮೀ.
- ಇದ್ದಿಲು: 10 ಸೆಂ.ಮೀ.
- ತೊಳೆದ ದಪ್ಪ ಮರಳು: 25 ಸೆಂ.ಮೀ.

ಪದರಗಳ ನಡುವೆ ನೈಲಾನ್ ಬಲೆ ಹಾಸಿರಿ. ನೀರು ನಿಲ್ಲಲು ಮೇಲ್ಭಾಗದಲ್ಲಿ ಒಂದು ಗೇಣು ಜಾಗ ಬಿಡಿರಿ. ಬಿರುಮಳೆಯ ವೇಗಕ್ಕೆ ಮರಳು ಸೋಸಲಾರದು. ಆದ್ದರಿಂದ ಡ್ರಮ್ಮಿನ ಕಂಠದಿಂದ ಹೆಚ್ಚುವರಿ ನೀರು ಇಂಗುಬಾವಿಗೆ ಹೋಗುವಂತೆ ಕೊಳವೆ ಇರಲೇಬೇಕು.

4. ಸಂಗ್ರಹದ ತೊಟ್ಟಿ

ಕುಡಿಯಲು ಮತ್ತು ಅಡುಗೆಗೆ ತಲಾ 10 ಲೀಟರ್ ಎಂದರೆ ನಾಲ್ವರಿಗೆ ದಿನಕ್ಕೆ 40 ಲೀಟರ್. 5,000 ಲೀಟರಿನ ತೊಟ್ಟಿ ತುಂಬಿದ್ದರೆ 125 ದಿನ ಸಾಕಾಗುತ್ತದೆ. ಡಿಸೆಂಬರ್ ಕೊನೆಗೆ ತುಂಬಿದ ತೊಟ್ಟಿ ಏಪ್ರಿಲ್ ಕೊನೆಯವರೆಗೆ ಬರುತ್ತದೆ. ಅದನ್ನು ತುಂಬಲು ಮೇಲಿನ ಛಾವಣಿಗೆ 6-7 ಸೆಂ.ಮೀ. ಮಳೆ ಸಾಕು, ಹಿಂಗಾರಿನ ಒಂದೆರಡು ಜೋರು ದಿನಗಳಲ್ಲಿ ಇಷ್ಟು ಸುರಿಯುತ್ತದೆ.

ತುಂಬಿದ 5,000 ಲೀಟರಿನ ತೂಕ 5 ಟನ್. ಇಂಜಿನಿಯರರ ಸಲಹೆಯಿಲ್ಲದೆ ಇದನ್ನು ಮಾಳಿಗೆಯ ಮೇಲಾಗಲಿ ಬಾಲ್ಕನಿಯಲ್ಲಾಗಲಿ ಇಡಬಾರದು. ನೆಲದ ಮೇಲೆ ಕಾಂಕ್ರೀಟ್ ಕಟ್ಟೆ ಅಥವಾ ನೆಲದಡಿಯ ಸಂಪು ಸೂಕ್ತ. ತೊಟ್ಟಿಯೊಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಸೊಳ್ಳೆ ಹೊಕ್ಕರೆ ಡೆಂಗಿಗೆ ದಾರಿಯಾಗುತ್ತದೆ. ಮುಚ್ಚಳ ಭದ್ರವಾಗಿರಲಿ, ಎಲ್ಲ ಕಿಂಡಿಗಳಿಗೂ ಸಣ್ಣ ಬಲೆ ಇರಲಿ.

ಸೋಸಿದ ನೀರು ತಿಳಿಯಾಗಿದ್ದ ಮಾತ್ರಕ್ಕೆ ಕುಡಿಯಲು ಯೋಗ್ಯವೆಂದು ಭಾವಿಸಬಾರದು. ಕುದಿಸಿ ಆರಿಸಿ ಕುಡಿಯುವುದು ಎಲ್ಲಕ್ಕಿಂತ ಸುರಕ್ಷಿತ. ತೊಟ್ಟಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂನಂತೆ ಉತ್ತಮ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೆರೆಸಿ, ಒಂದು ಗಂಟೆಯ ನಂತರ ಬಳಸಬಹುದು.

5. ಇಂಗುಬಾವಿ

ಮನೆಯಲ್ಲಿ ಹಳೆಯ ತೆರೆದ ಬಾವಿಯಿದ್ದರೆ ಅದಕ್ಕಿಂತ ದೊಡ್ಡ ವರವಿಲ್ಲ. ಬತ್ತಿದೆಯೆಂದು ಅದನ್ನು ಮುಚ್ಚಿಸಬೇಡಿರಿ. ಸೋಸಿದ ಛಾವಣಿ ನೀರನ್ನು ಅದರೊಳಗೆ ಬಿಡಿರಿ. ಬಾವಿಯಿಲ್ಲದವರು 3 ಅಡಿ ವ್ಯಾಸದಲ್ಲಿ 10ರಿಂದ 20 ಅಡಿ ಆಳ ತೋಡಿ, ರಂಧ್ರಗಳುಳ್ಳ ಕಾಂಕ್ರೀಟ್ ಉಂಗುರ ಇಳಿಸಿ, ತಳಕ್ಕೆ ಕಾಂಕ್ರೀಟ್ ಹಾಕದೆ ಬಿಡಬೇಕು. ಮೇಲೆ ಗಟ್ಟಿ ಚಪ್ಪಡಿ ಮುಚ್ಚಬೇಕು.

ಮಣ್ಣನ್ನು ನೋಡಿ ಆಳ ನಿರ್ಧರಿಸಬೇಕು. ಬೆಸಂಟ್ ನಗರ, ತಿರುವಾನ್ಮಿಯೂರಿನಂಥ ಕಡಲಂಚಿನ ಮರಳು ನೆಲದಲ್ಲಿ ಆಳವಿಲ್ಲದ ಗುಂಡಿಯೂ ನೀರನ್ನು ಬೇಗ ಕುಡಿಯುತ್ತದೆ. ಜೇಡಿಮಣ್ಣಿನ ಬಡಾವಣೆಗಳಲ್ಲಿ ಜೇಡಿಯ ಪದರವನ್ನು ದಾಟಿ ಮರಳಿನವರೆಗೆ ಇಳಿಯಬೇಕು. ಗಿಂಡಿ, ವೇಳಚ್ಚೇರಿಯ ಕಡೆ ಕೆಳಗೆ ಬಂಡೆ ಸಿಗುವುದರಿಂದ ಅಲ್ಲಿನ ಅನುಭವಿಗಳನ್ನು ವಿಚಾರಿಸಿಯೇ ತೋಡಿಸಿರಿ. ಕಡಲಂಚಿನಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ. ಇಂಗಿದ ಮಳೆ ನೀರು ಅದಕ್ಕೆ ತಡೆಯಾಗುತ್ತದೆ. ಶೌಚಾಲಯದ ಗುಂಡಿ ಮತ್ತು ಒಳಚರಂಡಿಯಿಂದ ಇಂಗುಬಾವಿ ಆದಷ್ಟು ದೂರವಿರಲಿ. ಅಂಗಳದ ಕೊಳಕು ನೀರನ್ನು ಕೊಳವೆಬಾವಿಗೆ ನೇರವಾಗಿ ಎಂದೂ ಬಿಡಬಾರದು. ಒಮ್ಮೆ ಕೆಟ್ಟ ಅಂತರ್ಜಲ ಸುಲಭವಾಗಿ ಸರಿಹೋಗದು.

6. ವಸತಿ ಸಮುಚ್ಚಯಗಳಲ್ಲಿ

ನಮ್ಮಲ್ಲಿ ಅನೇಕರದು ಫ್ಲ್ಯಾಟ್ ಜೀವನ. ಛಾವಣಿ ಎಲ್ಲರದಾದ್ದರಿಂದ ನಿವಾಸಿಗಳ ಸಂಘದ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಮೊದಲು ಈಗಿರುವ ಇಳಿಕೊಳವೆಗಳು ಎಲ್ಲಿಗೆ ಹೋಗುತ್ತವೆಂದು ಪರೀಕ್ಷಿಸಿರಿ. ಅವು ಬೀದಿ ಚರಂಡಿಗೆ ಸೇರಿದ್ದರೆ ಅಲ್ಲಿಯೇ ತಿರುಗಿಸಬಹುದು. ಒಂದು ಬೇಸಿಗೆಯ ಟ್ಯಾಂಕರ್ ಬಿಲ್ಲುಗಳನ್ನು ಕೂಡಿಸಿ ಸಭೆಯ ಮುಂದಿಟ್ಟರೆ ಮಾತು ಸುಲಭವಾಗುತ್ತದೆ.

7. ವಾರ್ಷಿಕ ನಿರ್ವಹಣೆ

- ಸೆಪ್ಟೆಂಬರ್‌ನಲ್ಲಿ: ಛಾವಣಿ ಗುಡಿಸುವುದು, ಜಾಲರಿ ಪರೀಕ್ಷೆ, ಶೋಧಕದ ಮರಳು ತೊಳೆದು ಇದ್ದಿಲು ಬದಲಿಸುವುದು, ಖಾಲಿ ತೊಟ್ಟಿ ಉಜ್ಜುವುದು, ಇಂಗುಬಾವಿಯ ಹೂಳೆತ್ತುವುದು. ಬಾವಿಗೆ ಇಳಿಯುವ ಕೆಲಸವನ್ನು ಅನುಭವಿಗಳಿಗೆ ಬಿಡಿರಿ. ಮುಚ್ಚಿದ ಬಾವಿಯಲ್ಲಿ ವಿಷಗಾಳಿ ಇರಬಹುದು.
- ಮಳೆಗಾಲದಲ್ಲಿ: ಪ್ರತಿ ಮಳೆಯ ನಂತರ ಮೊದಲ ನೀರಿನ ಡ್ರಮ್ ಖಾಲಿ ಮಾಡುವುದು.
- ಜನವರಿಯಲ್ಲಿ: ತೊಟ್ಟಿಯ ನೀರಿನ ಪರೀಕ್ಷೆ ಮಾಡಿಸಿ ಮುಚ್ಚಳ ಭದ್ರಪಡಿಸುವುದು.

ಕೊನೆಯ ಮಾತು

ಚೆನ್ನೈಗೆ ಕುಡಿಯುವ ನೀರೊದಗಿಸಲು 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಮತ್ತು ಆಂಧ್ರಪ್ರದೇಶಗಳು ಕೃಷ್ಣೆಯಿಂದ ತಲಾ 5 ಟಿಎಂಸಿ ಬಿಟ್ಟುಕೊಡಲು ಒಪ್ಪಿದವು. ವೀರಾಣಂ ಕೆರೆಯ ಮೂಲಕ ಕಾವೇರಿಯೂ ಈ ನಗರಕ್ಕೆ ಬರುತ್ತಾಳೆ. ತವರಿನ ಎರಡು ನದಿಗಳ ನೀರನ್ನು ಇಲ್ಲಿ ಕುಡಿಯುತ್ತಿರುವ ನಾವು ಆ ನೀರಿಗಾಗಿ ಎರಡೂ ಕಡೆಯ ರೈತರು ಪಡುವ ಪಾಡನ್ನೂ, ಎರಡೂ ಕಡೆ ಏಳುವ ಕಿಚ್ಚನ್ನೂ ಬಲ್ಲೆವು. ನದಿಯ ಪಾಲನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಛಾವಣಿಯ ಪಾಲನ್ನು ಉಳಿಸಿಕೊಳ್ಳುವುದು ಮಾತ್ರ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಬರುವ ಹಿಂಗಾರಿಗೆ ಮುನ್ನ ಓದುಗ ಬಾಂಧವರೆಲ್ಲರೂ ತಮ್ಮ ಮನೆಯ ಇಳಿಕೊಳವೆಗಳನ್ನು ಒಮ್ಮೆ ಪರೀಕ್ಷಿಸಬೇಕೆಂದು ವಿನಂತಿಸುತ್ತೇವೆ.