ಮನೆಯ ಡಿಸ್ಕಿಗೆ ಹೊರಗಿನಿಂದೊಂದು ದಾರಿ

1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅವರಿಗೆ ಒಂದು ಸಣ್ಣ ತಾಪತ್ರಯ ಎದುರಾಯಿತು. ಮೇಜಿನ ಮೇಲಿದ್ದುದು ಡಾಸ್ ಪಿಸಿ. ಬೇಕಾದ ಫೈಲುಗಳಿದ್ದುದು ಯುನಿಕ್ಸ್ ಸರ್ವರಿನಲ್ಲಿ. ಪಿಸಿಯೊಳಗಿನ ಪಾತ್‌ವರ್ಕ್ಸ್ ತಂತ್ರಾಂಶಕ್ಕೆ ಡಿಜಿಟಲ್ ಕಂಪನಿಯ ಸರ್ವರುಗಳ ಪರಿಚಯವಷ್ಟೇ ಇತ್ತು. ಅವು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತವೆ ಎಂಬ ವಿವರ ಟ್ರಿಡ್ಜೆಲ್ ಕೈಯಲ್ಲಿರಲಿಲ್ಲ. ಹಾಗಾಗಿ ಅವರು ತಂತಿಯ ಮೇಲೆ ಹೋಗಿಬರುವ ಪ್ಯಾಕೆಟ್‌ಗಳನ್ನು ಕದ್ದು ಕೇಳಿಸಿಕೊಂಡರು. ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆಂದು ಗುರುತು ಹಾಕಿಕೊಂಡು, ಹಾಗೆಯೇ ಉತ್ತರ ಕೊಡುವ ಸರ್ವರೊಂದನ್ನು ತಾವೇ ಬರೆದರು. ಮುಂದೆ ಅದು ಸಾಂಬಾ ಆಯಿತು. ಇವತ್ತು ಮನೆಗಳಲ್ಲಿ ಮೂಲೆಯೊಂದರಲ್ಲಿ ಮಿಣುಕುತ್ತಾ ಕೂತಿರುವ ನ್ಯಾಸ್ ಪೆಟ್ಟಿಗೆಗಳಲ್ಲಿ, ಅಂದರೆ ನೆಟ್‌ವರ್ಕಿಗೆ ನೇರವಾಗಿ ಸಿಕ್ಕಿಸಿದ ಹಾರ್ಡ್ ಡಿಸ್ಕುಗಳಲ್ಲಿ, ಬಹುಪಾಲು ಓಡುತ್ತಿರುವುದು ಇದರದೇ ಸಂತತಿ.

ಸಾಂಬಾ ಅನುಕರಿಸಿದ್ದು ಎಸ್‌ಎಂಬಿ ಎಂಬ ಪದ್ಧತಿಯನ್ನು. 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ಅದನ್ನು ರೂಪಿಸಿದ್ದು ಕಚೇರಿಗಳಿಗಾಗಿ. ಒಂದೇ ತಂತಿಗೆ ಸಿಕ್ಕಿಸಿಕೊಂಡ ಯಂತ್ರಗಳೆಲ್ಲ ಒಂದೇ ಸಂಸ್ಥೆಯವು, ಅನುಮಾನಪಡುವಂಥದ್ದೇನಿಲ್ಲ ಎಂಬ ಭರವಸೆ ಅದರೊಳಗೇ ಇತ್ತು. ಈ ಭರವಸೆ ಕಚೇರಿಯಿಂದ ಮನೆಗೂ ಬಂತು. ಮನೆಯ ಡಿಸ್ಕನ್ನು ಟಿವಿಗೆ, ಫೋನಿಗೆ, ಕೊನೆಗೆ ಊರಾಚೆಗೆ ತಲುಪಿಸಲು ಇಪ್ಪತ್ತು ವರ್ಷ ನಡೆದ ಸಾಹಸಗಳಿಗೆಲ್ಲ ತಿರುಗಿ ತಿರುಗಿ ಅಡ್ಡ ಬಂದದ್ದು ಇದೇ.

ಮನೆಯೊಳಗಿನ ಭಾಗ ಬೇಗ ಬಗೆಹರಿಯಿತು. 2004ರಲ್ಲಿ ಲಿಂಕ್‌ಸಿಸ್ ಕಂಪನಿ ಎನ್‌ಎಸ್‌ಎಲ್‌ಯು2 ಎಂಬ ಅಂಗೈಯಗಲದ ಪೆಟ್ಟಿಗೆ ಮಾರಾಟಕ್ಕೆ ತಂದಿತು. ಒಳಗೆ ಡಿಸ್ಕ್ ಇಲ್ಲ. ಹಿಂದೆ ಎರಡು ಯುಎಸ್‌ಬಿ ಕಿಂಡಿ, ಒಂದು ನೆಟ್‌ವರ್ಕ್ ಕಿಂಡಿ. ಇರುವ ಡಿಸ್ಕನ್ನೇ ಸಿಕ್ಕಿಸಿದರೆ ಮನೆಗೆಲ್ಲ ಒಂದು ಉಗ್ರಾಣ ಸಿದ್ಧ. ಮೆಮೊರಿ 32 ಎಂಬಿ. ಪ್ರೊಸೆಸರಿನ ವೇಗ 266 ಮೆಗಾಹರ್ಟ್ಸ್ ಆದರೂ ಕಂಪನಿ ಮೊದಮೊದಲಿನ ಪೆಟ್ಟಿಗೆಗಳನ್ನು ಅದರ ಅರ್ಧಕ್ಕೇ ಕಟ್ಟಿಹಾಕಿತ್ತು. ಹವ್ಯಾಸಿಗಳು ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲಿದ್ದ ಸಾಸಿವೆ ಗಾತ್ರದ ಒಂದು ರೆಸಿಸ್ಟರ್ ಕಿತ್ತರು. ಪೆಟ್ಟಿಗೆ ಪೂರ್ತಿ ವೇಗಕ್ಕೆ ಬಂತು. ಆಮೇಲೆ ಕಂಪನಿಯ ತಂತ್ರಾಂಶವನ್ನೂ ಅಳಿಸಿ ತಮ್ಮಿಷ್ಟದ ಲಿನಕ್ಸ್ ಹಾಕಿಕೊಂಡರು.

ಟಿವಿ ಬದಿಯಲ್ಲೂ ಇಂಥದೇ ಕಿತಾಪತಿ ನಡೆದಿತ್ತು. ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸ್ ಆಟದ ಯಂತ್ರದ ಬೀಗ ಮುರಿದವರು ಅದರಲ್ಲಿ ಸಿನಿಮಾ ನೋಡಲು ಬರೆದುಕೊಂಡ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್, 2004ರಲ್ಲಿ 1.0 ಆವೃತ್ತಿ ಕಂಡಿತು. ಅದನ್ನು ಕಟ್ಟಲು ಮೈಕ್ರೋಸಾಫ್ಟಿನದೇ ಪರವಾನಗಿಯುಳ್ಳ ಸಲಕರಣೆಗಳು ಬೇಕಾಗಿದ್ದರಿಂದ, ತಂಡ ಅಧಿಕೃತವಾಗಿ ಹಂಚುತ್ತಿದ್ದುದು ಮೂಲ ಸಂಕೇತವನ್ನು ಮಾತ್ರ. ಇನ್ನೊಂದು ಕೋಣೆಯ ಡಿಸ್ಕಿನಲ್ಲಿದ್ದ ಚಿತ್ರವನ್ನು ಎಸ್‌ಎಂಬಿ ಮೂಲಕ ಎಳೆದು ಟಿವಿಯಲ್ಲಿ ತೋರಿಸುವುದು ಅದಕ್ಕೆ ಲೀಲಾಜಾಲ. 2014ರಲ್ಲಿ ಅದರ ಹೆಸರು ಕೋಡಿ ಎಂದಾಯಿತು. ಪ್ಲೆಕ್ಸ್ ಎಂಬ ಮೀಡಿಯಾ ಸರ್ವರ್ ಕೂಡ ಇದೇ ಬಳ್ಳಿಯ ಕುಡಿ.

ಸೋನಿ, ಇಂಟೆಲ್ ಮೊದಲಾದ ದೊಡ್ಡ ಕಂಪನಿಗಳು 2003ರಲ್ಲಿ ಕೂಡಿ ಕಟ್ಟಿದ ಒಕ್ಕೂಟ ಮರುವರ್ಷ ಡಿಎಲ್‌ಎನ್‌ಎ ಆಯಿತು. ಯಾವ ಕಂಪನಿಯ ಟಿವಿ ತಂದರೂ ಮನೆಯ ಸರ್ವರನ್ನು ಅದು ತಾನಾಗಿ ಪತ್ತೆ ಹಚ್ಚಬೇಕು ಎಂಬುದು ಅದರ ಗುರಿ. ಪತ್ತೆ ಹಚ್ಚುವ ಬಗೆ ಸರಳ: ಟಿವಿ 239.255.255.250 ಎಂಬ ವಿಳಾಸಕ್ಕೆ, 1900ನೇ ಪೋರ್ಟಿಗೆ ಒಂದು ಕೂಗು ಹಾಕುತ್ತದೆ. ಆ ವಿಳಾಸ ಯಾವ ಒಂದು ಯಂತ್ರದ್ದೂ ಅಲ್ಲ. ಹಟ್ಟಿಯಲ್ಲಿ ನಿಂತು ‘ಒಳಗೆ ಯಾರಿದ್ದೀರಿ?’ ಎಂದು ಕರೆದ ಹಾಗೆ; ಇದ್ದವರೆಲ್ಲ ಓಗೊಡುತ್ತಾರೆ. ಕೂಗು ರೂಟರ್ ದಾಟಿ ಹೊರಗೆ ಹೋಗುವುದಿಲ್ಲ. ಹೋಗಬಾರದು ಎಂದೇ ಹಾಗೆ ಮಾಡಿದ್ದು. 2013ರಲ್ಲಿ 35 ಡಾಲರಿಗೆ ಬಂದ ಕ್ರೋಮ್‌ಕಾಸ್ಟ್‌ಗೂ ಇಂಥದೇ ಸ್ವಭಾವ: ಫೋನೂ ಅದೂ ಒಂದೇ ವೈ-ಫೈನಲ್ಲಿರಬೇಕು.

ಊರಾಚೆಯಿಂದ ಒಳಬರುವ ಸುರಂಗದ, ಅಂದರೆ ವಿಪಿಎನ್‌ನ ಕಥೆ ಬೇರೆಯೇ ಕಡೆ ಶುರುವಾಗಿತ್ತು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಜೊತೆಗಾರರು ಪಿಪಿಟಿಪಿ ಎಂಬ ಸುರಂಗ ಪದ್ಧತಿ ತಂದಾಗ ಎದುರಿಗಿದ್ದವರು ಪ್ರಯಾಣದಲ್ಲಿರುವ ನೌಕರರು. ಎರಡೇ ವರ್ಷಕ್ಕೆ ಬ್ರೂಸ್ ಶ್ನೈಯರ್ ಮತ್ತು ಮಜ್ ಎಂಬ ಹೆಸರಿನ ಪರಿಣತ ಅದರ ಬಿರುಕುಗಳನ್ನು ಬಯಲು ಮಾಡಿದರು. ಆದರೂ ಅದು ವಿಂಡೋಸ್‌ನಲ್ಲೇ ಬಂದಿದ್ದರಿಂದ ಜನ ಬಿಡಲಿಲ್ಲ. ಐಫೋನು ಅದನ್ನು ಕೈಬಿಟ್ಟದ್ದು 2016ರಲ್ಲಿ. ಮಧ್ಯ ಏಷ್ಯಾದಲ್ಲಿ ತಿರುಗಾಡುತ್ತಲೇ ಕಚೇರಿಯ ಕೆಲಸ ಮಾಡುತ್ತಿದ್ದ ಜೇಮ್ಸ್ ಯೋನನ್ ಅವರಿಗೆ, ತಮ್ಮ ಸಂದೇಶಗಳು ಯಾರ್ಯಾರ ಕೈ ದಾಟಿ ಹೋಗುತ್ತಿವೆಯೋ ಎಂಬ ಆತಂಕವಿತ್ತು. ಅವರ ಓಪನ್‌ವಿಪಿಎನ್ 2001ರಲ್ಲಿ ಹೊರಬಂತು. ಅದನ್ನು ಮನೆಗೆ ತಂದದ್ದು ಲಿಂಕ್‌ಸಿಸ್‌ನದೇ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರ್. ಲಿನಕ್ಸ್ ಬಳಸಿದ್ದು ಬೆಳಕಿಗೆ ಬಂದ ಮೇಲೆ ಪರವಾನಗಿಯ ಷರತ್ತಿನಂತೆ ಕಂಪನಿ 2003ರಲ್ಲಿ ಮೂಲ ಸಂಕೇತ ಬಿಟ್ಟುಕೊಡಬೇಕಾಯಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಸಾಮಾನ್ಯ ಮನೆಯ ರೂಟರೂ ವಿಪಿಎನ್ ಬಾಗಿಲಾಗುವುದು ಸಾಧ್ಯವಾಯಿತು.

ಭಾರತದಲ್ಲಿ ಆಗ ಇದೆಲ್ಲ ದೂರದ ಮಾತು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಶುರುವಾಯಿತು. ಆ ವೇಗದಲ್ಲಿ ಒಂದು ಸಿಡಿಯಷ್ಟು, ಎಂದರೆ 700 ಎಂಬಿಯ ಸಿನಿಮಾ ಸಾಗಬೇಕಾದರೆ ಆರು ಗಂಟೆ ಹಿಡಿಯುತ್ತದೆ. ಮನೆಯ ಡಿಸ್ಕನ್ನು ಹೊರಗಿನಿಂದ ನೋಡಲು ಬೇಕಾದದ್ದು ಅಪ್‌ಲೋಡ್ ವೇಗ. ಟೆಲಿಫೋನ್ ತಂತಿಯ ಎಡಿಎಸ್‌ಎಲ್ ಸಂಪರ್ಕದಲ್ಲಿ ಎಲ್ಲಕ್ಕಿಂತ ಸೊರಗಿದ್ದುದು ಅದೇ.

ಅದೇ 2005ರ ಜೂನ್‌ನಲ್ಲಿ ಅಮೆರಿಕದಲ್ಲಿ ಸ್ಲಿಂಗ್‌ಬಾಕ್ಸ್ ಬಂತು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳಾದ ಕ್ರಿಕೋರಿಯನ್ ಸಹೋದರರು ಪ್ರಯಾಣದಲ್ಲಿದ್ದಾಗ ಪಂದ್ಯ ತಪ್ಪಿಹೋಗುವುದನ್ನು ಸಹಿಸಲಾರದೆ ಮಾಡಿದ ಪೆಟ್ಟಿಗೆಯದು: ಮನೆಯ ಕೇಬಲ್ ಟಿವಿಯನ್ನು ಇಂಟರ್ನೆಟ್ ಮೂಲಕ ಎಲ್ಲಿದ್ದರಲ್ಲಿಗೆ ಕಳಿಸುತ್ತಿತ್ತು. ಅವರ ಸ್ಲಿಂಗ್ ಮೀಡಿಯಾಕ್ಕೆ ಬೆಂಗಳೂರಿನಲ್ಲೂ ತಂತ್ರಜ್ಞರ ಕಚೇರಿ ಇತ್ತು. 2007ರಲ್ಲಿ ಎಕೋಸ್ಟಾರ್ 38 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನು ಕೊಂಡಿತು. ರೂಟರಿಗೆ ಕೈ ಹಾಕುವ, ಪೋರ್ಟ್ ತೆರೆಯುವ ರಗಳೆಯನ್ನೆಲ್ಲ ಪಕ್ಕಕ್ಕಿಟ್ಟು, ನಡುವೆ ಕಂಪನಿಯ ಸರ್ವರೇ ನಿಂತು ಫೋನಿಗೂ ಪೆಟ್ಟಿಗೆಗೂ ಗಂಟು ಹಾಕುವುದು ಅದರ ಜಾಣತನವಾಗಿತ್ತು. 2022ರ ನವೆಂಬರ್ 9ರಂದು ಆ ಸರ್ವರುಗಳನ್ನು ಮುಚ್ಚಿದರು. ಎಲ್ಲ ಅಂಗಾಂಗ ಸರಿಯಿದ್ದ ಪೆಟ್ಟಿಗೆಗಳು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದವಾದವು.

ನಡುವೆ ಯಾರಾದರೂ ನಿಲ್ಲುವ ಅನಿವಾರ್ಯತೆ ಅಷ್ಟರಲ್ಲಿ ಇನ್ನೂ ಹೆಚ್ಚಿತ್ತು. ಹಳೆಯ ಐಪಿ ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸ. 2011ರ ಫೆಬ್ರುವರಿಯಲ್ಲಿ ಕೇಂದ್ರ ದಾಸ್ತಾನು ಮುಗಿಯಿತು. ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ವಲಯದ ಪಾಲೂ ರೇಷನ್‌ಗೆ ಬಂತು. ಮರುವರ್ಷ 100.64ರಿಂದ ಶುರುವಾಗುವ ಸುಮಾರು 42 ಲಕ್ಷ ವಿಳಾಸಗಳನ್ನು ಸೇವಾ ಕಂಪನಿಗಳ ಒಳಬಳಕೆಗೆಂದು ತೆಗೆದಿಡಲಾಯಿತು. ನೂರಾರು ಗಿರಾಕಿಗಳು ಒಂದೇ ಹೊರ ವಿಳಾಸದ ಹಿಂದೆ ಸೇರಿಕೊಂಡರು. ಅಂಥ ಮನೆಗೆ ಹೊರಗಿನಿಂದ ಬಾಗಿಲು ಬಡಿಯಲು ಸ್ವಂತ ವಿಳಾಸವೇ ಇಲ್ಲ.

ಬಾಗಿಲು ತೆರೆದಿಟ್ಟವರ ಪಾಡೂ ಚೆನ್ನಾಗಿರಲಿಲ್ಲ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕುಗಳು 2010ರಲ್ಲಿ ಬಂದವು. 2015ರ ನಂತರ ತಂತ್ರಾಂಶದ ಪರಿಷ್ಕರಣೆ ನಿಂತಿತ್ತು. 2021ರ ಜೂನ್ ಕೊನೆಯಲ್ಲಿ ಅವುಗಳ ಮಾಲೀಕರು ಎದ್ದು ನೋಡಿದರೆ ವರ್ಷಗಟ್ಟಲೆಯ ಫೋಟೊ, ವಿಡಿಯೊ ಎಲ್ಲ ಮಾಯ. ದೂರದಿಂದಲೇ ಯಾರೋ ಡಿಸ್ಕನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿದ್ದರು. ಹಾಗೆ ಮರಳಿಸುವ ಮುನ್ನ ಪಾಸ್‌ವರ್ಡ್ ಕೇಳುವ ಸಾಲುಗಳನ್ನು ಕಂಪನಿಯವರು ಬರೆಯದೇ ಬಿಟ್ಟಿರಲಿಲ್ಲ. ಬರೆದಿದ್ದರು, ಆಮೇಲೆ ಟಿಪ್ಪಣಿಯಾಗಿಸಿ ಅವು ಓಡದಂತೆ ಮಾಡಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯುನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ನುಗ್ಗಿದವರು ಫೈಲುಗಳನ್ನೆಲ್ಲ ಪಾಸ್‌ವರ್ಡ್ ಹಾಕಿದ ಗಂಟುಗಳಾಗಿ ಕಟ್ಟಿ, ಬಿಚ್ಚಲು 0.01 ಬಿಟ್‌ಕಾಯಿನ್ ಕೇಳಿದರು. ಕಚೇರಿಯ ತಂತಿಗೆಂದು ಹುಟ್ಟಿದ ಎಸ್‌ಎಂಬಿಯ ಮೊದಲ ಆವೃತ್ತಿಯೂ 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಾವಳಿಗೆ ದಾರಿಯಾಗಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಹೊಸದಾಗಿ ಹಾಕಿದ ವಿಂಡೋಸ್ 10ರ ಕೆಲವು ಬಗೆಗಳಲ್ಲಿ ಅದು ತಾನಾಗಿ ಇರುತ್ತಿರಲಿಲ್ಲ. ಹಳೆಯ ಟಿವಿ ಪೆಟ್ಟಿಗೆಗಳಿಗೂ ಹಳೆಯ ನ್ಯಾಸ್‌ಗಳಿಗೂ ಅಂಥ ಪಿಸಿಗಳ ಜೊತೆ ಮಾತು ಬಿಟ್ಟುಹೋಯಿತು.

ತಿರುವು ಕೊಟ್ಟದ್ದು ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಎಂಬ ಹೊಸ ವಿಪಿಎನ್. ಸುಮಾರು 4,000 ಸಾಲಿನ ಸಂಕೇತ. ಒಬ್ಬ ಕೂತು ಓದಿ ಮುಗಿಸಬಹುದಾದಷ್ಟು. ಗುರುತಿನ ಕೀಲಿ ಇಲ್ಲದವರು ಬಂದು ಬಡಿದರೆ ಅದು ‘ಇಲ್ಲ’ ಎನ್ನುವುದೂ ಇಲ್ಲ, ಸುಮ್ಮನಿರುತ್ತದೆ. ಹುಡುಕುವವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ಗೊತ್ತಾಗುವುದಿಲ್ಲ. ಅದು ಲಿನಕ್ಸ್ 5.6ರ ಭಾಗವಾಗಿ ಹೊರಬಂದದ್ದು 2020ರ ಮಾರ್ಚ್ 29ರಂದು. ಭಾರತದಲ್ಲಿ ಲಾಕ್‌ಡೌನ್ ಶುರುವಾಗಿ ವಾರವೂ ಆಗಿರಲಿಲ್ಲ. ಬೆಂಗಳೂರಿನ ಐಟಿ ಮಂದಿ ಲ್ಯಾಪ್‌ಟಾಪ್ ಹೊತ್ತು ಮನೆಗಳಿಗೆ, ಊರುಗಳಿಗೆ ಹೊರಟಿದ್ದರು. ಬೆಳಗ್ಗೆದ್ದು ವಿಪಿಎನ್‌ಗೆ ಕನೆಕ್ಟ್ ಆಗುವುದು ಮನೆಮಂದಿಗೆಲ್ಲ ಪರಿಚಿತ ಮಾತಾಯಿತು.

ಫೋನಿನಲ್ಲಿ ವೈರ್‌ಗಾರ್ಡ್ ಹೂಡುವುದು ಈಗ ಒಂದು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದಷ್ಟೇ ಕೆಲಸ. ಆದರೂ ಎರಡು ಕಡೆ ಎಡವುವವರೇ ಹೆಚ್ಚು. ಮೊದಲನೆಯದು ವಿಳಾಸದ್ದು. 1996ರಲ್ಲಿ ಮನೆ-ಕಚೇರಿಗಳ ಒಳಬಳಕೆಗೆಂದು ನಿಗದಿಯಾದ ವಿಳಾಸಗಳಲ್ಲಿ ರೂಟರ್ ಕಂಪನಿಗಳು ಹೆಚ್ಚಾಗಿ ಹಿಡಿದುಕೊಂಡದ್ದು 192.168.0 ಮತ್ತು 192.168.1. ನೆಂಟರ ಮನೆಯ ವೈ-ಫೈ ಕೂಡ 192.168.1 ಆಗಿದ್ದರೆ ಫೋನು ಸ್ವಂತ ಮನೆಯ ನ್ಯಾಸನ್ನು ಅಲ್ಲೇ ಹುಡುಕುತ್ತಾ ಕೂರುತ್ತದೆ. ಬಲ್ಲವರು ಮನೆಯ ರೂಟರಿಗೆ 192.168.73ರಂಥ ಯಾರೂ ಇಡದ ಸಂಖ್ಯೆ ಕೊಡುವುದು ಇದಕ್ಕೇ.

ಎರಡನೆಯದು ಆ ಹಳೆಯ ಕೂಗು. ವೈರ್‌ಗಾರ್ಡ್ ಸಾಗಿಸುವುದು ನಿರ್ದಿಷ್ಟ ವಿಳಾಸಕ್ಕೆ ಹೊರಟ ಪ್ಯಾಕೆಟ್‌ಗಳನ್ನು. ಎಲ್ಲರನ್ನೂ ಕರೆಯುವ ಕೂಗು ಸುರಂಗದಲ್ಲಿ ಸಾಗುವುದಿಲ್ಲ. ಓಪನ್‌ವಿಪಿಎನ್‌ನ ಟ್ಯಾಪ್ ಎಂಬ ಬಗೆ ಅದನ್ನೂ ಸಾಗಿಸುತ್ತದೆ, ಆದರೆ 2011ರಲ್ಲಿ ಆ್ಯಂಡ್ರಾಯ್ಡ್ 4.0 ವಿಪಿಎನ್ ಆ್ಯಪ್‌ಗಳಿಗೆ ಕೊಟ್ಟ ಅವಕಾಶದಲ್ಲಿ ಟ್ಯಾಪ್‌ಗೆ ಜಾಗವಿಲ್ಲ. ಹೀಗಾಗಿ ವಿಪಿಎನ್ ಹಸಿರು ತೋರಿಸುತ್ತಿದ್ದರೂ ಡಿಎಲ್‌ಎನ್‌ಎ ಆ್ಯಪ್‌ನಲ್ಲಿ ಸರ್ವರ್ ಕಾಣುವುದಿಲ್ಲ, ಕ್ರೋಮ್‌ಕಾಸ್ಟ್ ಗುರುತು ಮೂಡುವುದಿಲ್ಲ. ಕೆಟ್ಟದ್ದೇನೂ ಇಲ್ಲ, ಸರ್ವರಿನ ವಿಳಾಸವನ್ನು ಕೈಯಾರೆ ಬರೆದರೆ ಕೋಡಿ, ಜೆಲ್ಲಿಫಿನ್ ಮೀಡಿಯಾ ಸರ್ವರಿನ ಆ್ಯಪ್ ತಕ್ಷಣ ಓಗೊಡುತ್ತವೆ. ಡಿಎಲ್‌ಎನ್‌ಎ ಒಕ್ಕೂಟವಂತೂ 2017ರಲ್ಲೇ ಬಾಗಿಲು ಹಾಕಿತು.

ಸ್ವಂತ ವಿಳಾಸವಿಲ್ಲದ ಮನೆಗಳಿಗೆ 2019ರಲ್ಲಿ ಹುಟ್ಟಿದ ಟೈಲ್‌ಸ್ಕೇಲ್ ಒದಗಿತು. ವೈರ್‌ಗಾರ್ಡನ್ನೇ ಬಳಸಿ, ಎರಡೂ ಕಡೆಯವರು ಏಕಕಾಲಕ್ಕೆ ಹೊರಗೆ ಕೈಚಾಚಿ ಸಂಧಿಸುವಂತೆ ಮಾಡುತ್ತದೆ. ತಮಾಷೆಯೆಂದರೆ ಅದು ಸಾಧನಗಳಿಗೆ ಹಂಚುವುದು, ಗಿರಾಕಿಗಳನ್ನು ಮರೆಮಾಡಲು ತೆಗೆದಿಟ್ಟ ಆ 100.64ರ ಸಾಲಿನ ವಿಳಾಸಗಳನ್ನೇ. 2023ರಲ್ಲಿ ಟಿವಿಓಎಸ್ 17 ಬಂದ ಮೇಲೆ ಆ್ಯಪಲ್ ಟಿವಿಯಲ್ಲೂ ವಿಪಿಎನ್ ಆ್ಯಪ್ ಹಾಕಬಹುದಾಯಿತು.

ಬಹಳ ಮಂದಿ ವಿಪಿಎನ್ ಕೊಂಡದ್ದು ಮನೆಗೆ ಮರಳಲಿಕ್ಕಲ್ಲ, ಬೇರೆ ದೇಶದಲ್ಲಿರುವಂತೆ ತೋರಿಸಿಕೊಳ್ಳಲಿಕ್ಕೆ. 2016ರ ಜನವರಿ 6ರಂದು ನೆಟ್‌ಫ್ಲಿಕ್ಸ್ ಭಾರತವೂ ಸೇರಿ 130 ದೇಶಗಳಿಗೆ ಬಂತು. ಎಂಟು ದಿನಕ್ಕೆ ಪ್ರಾಕ್ಸಿ-ವಿಪಿಎನ್‌ಗಳನ್ನು ತಡೆಯುವುದಾಗಿ ಸಾರಿತು. 2022ರ ಏಪ್ರಿಲ್ 28ರಂದು ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಸೇವೆ ಮಾರುವವರು ಗಿರಾಕಿಗಳ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದಾಗ ಎಕ್ಸ್‌ಪ್ರೆಸ್‌ವಿಪಿಎನ್‌ನಂಥವು ಇಲ್ಲಿನ ಸರ್ವರುಗಳನ್ನು ಎತ್ತಿಕೊಂಡು ಹೋದವು. ಸ್ವಂತ ರೂಟರಿಗೆ ಸ್ವಂತ ಫೋನಿನಿಂದ ಹೋಗುವವರು ಈ ಗಲಾಟೆಯ ಹೊರಗೇ ಉಳಿದರು.

ಮನೆಯ ಮೀಡಿಯಾ ಸರ್ವರ್ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅದೇ 2022ರಲ್ಲಿ ಒಂದು ನಿದರ್ಶನ ಸಿಕ್ಕಿತು. ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಯ ಉಗ್ರಾಣದ ಕೀಲಿ ಇದ್ದುದು ನಾಲ್ಕೇ ಎಂಜಿನಿಯರ್‌ಗಳ ಬಳಿ. ಕಳ್ಳರು ಅವರಲ್ಲೊಬ್ಬರ ಮನೆಯ ಕಂಪ್ಯೂಟರಿಗೆ ನುಗ್ಗಿದ್ದು ಅಲ್ಲಿದ್ದ ಹಳೆಯ ಪ್ಲೆಕ್ಸ್ ಮೂಲಕ. ಆ ದೋಷಕ್ಕೆ ಪ್ಲೆಕ್ಸ್ 2020ರ ಮೇ ತಿಂಗಳಲ್ಲೇ ಮದ್ದು ಕೊಟ್ಟಿತ್ತು, ಹಾಕಿಕೊಂಡಿರಲಿಲ್ಲ.

ಪ್ಲೆಕ್ಸ್ ಬಹಳ ಕಾಲ ಹೊರಗಿನಿಂದ ಸ್ವಂತ ಚಿತ್ರಗಳನ್ನು ನೋಡುವುದನ್ನು ಉಚಿತವಾಗಿಟ್ಟಿತ್ತು. 2025ರ ಏಪ್ರಿಲ್ 29ರಿಂದ ಅದಕ್ಕೆ ಹಣ ಕೊಡಬೇಕಾಯಿತು: ಸರ್ವರಿನ ಒಡೆಯರ ಬಳಿ ಪ್ಲೆಕ್ಸ್ ಪಾಸ್ ಇರಬೇಕು, ಇಲ್ಲವೇ ನೋಡುವವರು ತಿಂಗಳಿಗೆ 1.99 ಡಾಲರ್ ತೆರಬೇಕು. ಮನೆಯೊಳಗಿನ ಬಳಕೆಗೆ ಶುಲ್ಕವಿಲ್ಲ. ಫೋನ್ ಆ್ಯಪ್‌ಗೆ ಮೊದಲಿದ್ದ ಶುಲ್ಕವನ್ನೂ ತೆಗೆದರು. ಎಂಬಿ ಎಂಬ ಇನ್ನೊಂದು ಸರ್ವರ್ ತನ್ನ ಸಂಕೇತವನ್ನು ಮುಚ್ಚಿಟ್ಟಾಗ ಅದರಿಂದ ಒಡೆದು 2018ರ ಡಿಸೆಂಬರ್‌ನಲ್ಲಿ ಹುಟ್ಟಿದ ಜೆಲ್ಲಿಫಿನ್‌ಗೆ ಇಂಥ ಶುಲ್ಕ ಹಾಕುವ ಕಂಪನಿಯೂ ಇಲ್ಲ, ನಡುವೆ ನಿಂತು ದಾರಿ ತೋರಿಸುವ ಸರ್ವರೂ ಇಲ್ಲ. ಅದನ್ನು ನಡೆಸುವವರು ಹೊರಗಿನ ದಾರಿಯನ್ನು ತಾವೇ ಮಾಡಿಕೊಳ್ಳಬೇಕು. ಹಲವರು ರೂಟರಿನಲ್ಲೇ ವೈರ್‌ಗಾರ್ಡ್ ಹೂಡಿ, ಊರಿನಲ್ಲಿರುವ ಅಪ್ಪ-ಅಮ್ಮನ ಟಿವಿಯ ಕಡ್ಡಿಗೂ ಒಂದು ಕೀಲಿ ಕೊಟ್ಟಿಟ್ಟಿದ್ದಾರೆ.